8 ನಡೆಯಲ್ಲಿ ಗೆಲ್ಲಿಸೋ ಓಪನಿಂಗ್ ಯಾವುದೂ ಇಲ್ಲ

ಭಾಗ 1/9

ಮೊದಲೇ ಹೇಳಿಬಿಡ್ತೀನಿ, ಬೈಕೊಳ್ಳೋರು ಬೈಕೊಳ್ಳಿ. "ಈ ಓಪನಿಂಗ್ ಆಡಿ, 8 ನಡೆಯಲ್ಲಿ ಗೆಲ್ಲಿ" ಅಂತ ಬರೋ ರೀಲ್‌ಗಳನ್ನ ಸೇವ್ ಮಾಡಿಟ್ಟುಕೊಂಡಿದೀರಲ್ಲ, ಅದನ್ನೆಲ್ಲ ಇವತ್ತೇ ಡಿಲೀಟ್ ಮಾಡಿ.

2024ರ ಡಿಸೆಂಬರ್‌ನಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ನಮ್ಮ ಕ್ಲಾಸಲ್ಲೇ ಆರೇಳು ಜನ ಚೆಸ್ ಆಡೋಕೆ ಶುರು ಮಾಡಿದ್ರು. ಖುಷಿಯ ವಿಷಯ. ಆದರೆ ಬಂದು ನನ್ನನ್ನ ಕೇಳೋ ಪ್ರಶ್ನೆ ಮಾತ್ರ ಒಂದೇ: "ಗುರು, ಗೆಲ್ಲೋಕೆ ಯಾವ ಓಪನಿಂಗ್ ಒಳ್ಳೇದು?" ಅವರಲ್ಲಿ ಇಬ್ಬರು ಈಗ ಆಟ ಬಿಟ್ಟೇ ಬಿಟ್ಟಿದಾರೆ. "ನಮ್ಮ ತಲೆಗೆ ಹತ್ತಲ್ಲ ಬಿಡು" ಅಂತಾರೆ. ತಲೆಗೆ ಹತ್ತಲ್ಲ ಅನ್ನೋದು ಸುಳ್ಳು. ಅವರು ಕೇಳಿದ ಪ್ರಶ್ನೆನೇ ತಪ್ಪಿತ್ತು, ಅಷ್ಟೇ. ಅದೇ ತಪ್ಪು ಪ್ರಶ್ನೆ ಕೇಳಿಕೊಂಡು ನಾನೂ ಒಂದು ವರ್ಷ ಹಾಳು ಮಾಡ್ಕೊಂಡೆ. ಅದಕ್ಕೇ ಇದನ್ನ ಬರೀತಿದೀನಿ. ಉದ್ದ ಇದೆ, ಪೂರ್ತಿ ಓದಿ.

ಭಾಗ 2/9

ನನ್ನ ಮರ್ಯಾದೆ ಹೋದ ಕಥೆ ಮೊದಲು.

ಒಂದು ಭಾನುವಾರ, ಕಲ್ಯಾಣ ಮಂಟಪ ಒಂದರಲ್ಲಿ ರ‍್ಯಾಪಿಡ್ ಟೂರ್ನಮೆಂಟ್. ಎಂಟ್ರಿ ಫೀಸು, ಬಸ್ ಚಾರ್ಜು ಎರಡೂ ಅಪ್ಪನ ಜೇಬಿಂದ. ನಾನು ವಾರವೆಲ್ಲ ಕೂತು ಫ್ರೈಡ್ ಲಿವರ್ ಅಟ್ಯಾಕ್ ಬಾಯಿಪಾಠ ಮಾಡಿದ್ದೆ. ಹೆಸರು ಮಿಲಿಟರಿ ಹೋಟೆಲ್ ಮೆನುವಿಂದ ಎದ್ದು ಬಂದ ಹಾಗಿದೆ, ಆದರೆ ನಿಜವಾದ ಓಪನಿಂಗ್ ಅದು. ಇ4 ಇ5, ಕುದುರೆ ಎಫ್3, ಕುದುರೆ ಸಿ6, ಒಂಟೆ ಸಿ4, ಕುದುರೆ ಎಫ್6. ಆಮೇಲೆ ನಮ್ಮ ಕುದುರೆ ಜಿ5ಗೆ ಹಾರಿ ಎಫ್7 ಮೇಲೆ ಕಣ್ಣಿಡುತ್ತೆ. ಕಪ್ಪು ಡಿ5 ಅಂತ ತಡೀತಾರೆ, ನಾವು ಪಾನ್‌ನಿಂದ ಹೊಡೀತೀವಿ. ಅವರು ಕುದುರೆಯಿಂದ ವಾಪಸ್ ಹೊಡೆದ್ರೆ, ನಾವು ಎಫ್7ರಲ್ಲಿ ಕುದುರೆ ಬಲಿ ಕೊಟ್ಟು ರಾಜನನ್ನ ನಡುಬೀದಿಗೆ ಎಳೀತೀವಿ. ರೀಲಲ್ಲಿ ಇಷ್ಟು ತೋರಿಸಿ ಬೆಂಕಿ ಎಮೋಜಿ ಹಾಕಿದ್ರು.

ನಾಲ್ಕನೇ ರೌಂಡಲ್ಲಿ ನನ್ನ ಎದುರು ಕೂತಿದ್ದು ಐದನೇ ಕ್ಲಾಸಿನ ಹುಡುಗ. ಕುರ್ಚಿ ಮೇಲೆ ಕೂತ್ರೆ ಕಾಲು ನೆಲಕ್ಕೆ ಸಿಗ್ತಿರಲಿಲ್ಲ. ಎಲ್ಲ ರೀಲಲ್ಲಿದ್ದ ಹಾಗೇ ನಡೀತು, ಐದನೇ ನಡೆವರೆಗೆ. ಅವನು ಕುದುರೆಯಿಂದ ವಾಪಸ್ ಹೊಡೀಲಿಲ್ಲ. ಸಿ6ರ ಕುದುರೆಯನ್ನ ಎ5ಗೆ ಇಟ್ಟು ನನ್ನ ಒಂಟೆಯನ್ನ ಕೇಳಿದ: "ಎಲ್ಲಿಗೆ ಹೋಗ್ತೀಯಾ?"

ನನ್ನ ರೀಲಲ್ಲಿ ಈ ನಡೆ ಇರಲಿಲ್ಲ.

ಆಮೇಲೆ ನಡೆದಿದ್ದು ಓಟ. ನನ್ನ ಒಂಟೆ ಚೆಕ್ ಕೊಡ್ತು, ಅವನು ಪಾನ್ ಅಡ್ಡ ಹಾಕಿದ. ನಾನು ಪಾನ್ ಹೊಡೆದೆ, ಅವನೂ ಹೊಡೆದ, ಒಂಟೆ ಓಡ್ತು. ಅವನ ಎಚ್ ಪಾನ್ ಬಂತು, ಕುದುರೆ ಓಡ್ತು. ಇ ಪಾನ್ ಬಂತು, ಕುದುರೆ ಮತ್ತೆ ಓಡ್ತು. ಲೆಕ್ಕಕ್ಕೆ ನನ್ನ ಹತ್ತಿರ ಒಂದು ಪಾನ್ ಜಾಸ್ತಿ ಇತ್ತು. ಆದರೆ ಏನ್ ಮಾಡ್ಬೇಕು ಅಂತ ಮಾತ್ರ ಗೊತ್ತಿರಲಿಲ್ಲ. ಇನ್ನೊಂದಿಪ್ಪತ್ತು ನಡೆ ಆಗೋಷ್ಟರಲ್ಲಿ ಕೈ ಕೊಟ್ಟೆ.

ಆ ಹುಡುಗ ಕಾಯಿ ಜೋಡಿಸ್ತಾ ತುಂಬ ಮರ್ಯಾದೆಯಿಂದ ಕೇಳಿದ: "ಅಣ್ಣಾ, ಕುದುರೆ ಎ5 ಆದ್ಮೇಲೆ ಏನಾಗುತ್ತೆ ಅಂತ ನೀವು ನೋಡ್ಕೊಂಡ್ ಬಂದಿರ್ಲಿಲ್ವಾ?"

ಮನೆಗೆ ಹೋಗಿ ಅಪ್ಪನಿಗೆ "ದೊಡ್ಡ ರೇಟೆಡ್ ಪ್ಲೇಯರ್ ಸಿಕ್ಕಿದ್ರು" ಅಂತ ಸುಳ್ಳು ಹೇಳಿದೆ. ಎರಡು ತಿಂಗಳು ಬೋರ್ಡ್ ಮುಟ್ಟಲಿಲ್ಲ.

ಭಾಗ 3/9

ಆ ಎರಡು ತಿಂಗಳು ಆದ ಮೇಲೆ ನನ್ನನ್ನ ವಾಪಸ್ ಎಳೆದದ್ದು ಒಂದು ಹಳೇ ಆಟ. ನಮ್ಮಲ್ಲಿ ಕೆಲವರು ಹುಟ್ಟಿದ ಆಸುಪಾಸಿನದು.

ಅಕ್ಟೋಬರ್ 2008, ಜರ್ಮನಿಯ ಬಾನ್ ನಗರ. ವಿಶ್ವ ಚಾಂಪಿಯನ್‌ಶಿಪ್, ಒಟ್ಟು 12 ಆಟ. ಒಂದು ಕಡೆ ನಮ್ಮ ವಿಶ್ವನಾಥನ್ ಆನಂದ್, 2007ರಲ್ಲಿ ಮೆಕ್ಸಿಕೋ ಸಿಟಿಯಲ್ಲಿ ಟೂರ್ನಮೆಂಟ್ ಗೆದ್ದು ಚಾಂಪಿಯನ್ ಆಗಿದ್ದವರು. ಇನ್ನೊಂದು ಕಡೆ ರಷ್ಯಾದ ವ್ಲಾದಿಮಿರ್ ಕ್ರಾಮ್ನಿಕ್.

ಕ್ರಾಮ್ನಿಕ್ ಅಂದ್ರೆ ಯಾರು ಅಂತ ಗೊತ್ತಾಗಬೇಕು ಅಂದ್ರೆ ಇನ್ನೂ ಎಂಟು ವರ್ಷ ಹಿಂದೆ ಹೋಗಬೇಕು. 1985ರಿಂದ ಚಾಂಪಿಯನ್ ಆಗಿದ್ದ ಕಾಸ್ಪರೋವ್‌ನ 2000ರಲ್ಲಿ ಲಂಡನ್‌ನಲ್ಲಿ ಸೋಲಿಸಿದ್ದು ಇವರೇ. 8.5–6.5. ಆ ಪಂದ್ಯದಲ್ಲಿ ಕಾಸ್ಪರೋವ್ ಒಂದೇ ಒಂದು ಆಟ ಗೆಲ್ಲಲಿಲ್ಲ! ಹೇಗೆ? ಕ್ರಾಮ್ನಿಕ್ ಕಪ್ಪಿನಲ್ಲಿ ಬರ್ಲಿನ್ ಡಿಫೆನ್ಸ್ ಅನ್ನೋ ಹಳೇ ಓಪನಿಂಗ್ ತಂದ್ರು. ಅದರಲ್ಲಿ ಎಂಟನೇ ನಡೆಗೇ ಇಬ್ಬರ ರಾಣಿಗಳೂ ಹೋಗಿರ್ತವೆ. ಕಪ್ಪು ರಾಜನಿಗೆ ಕ್ಯಾಸಲಿಂಗ್ ಹಕ್ಕು ಹೋಗಿರುತ್ತೆ, ಪಾನ್‌ಗಳು ಒಂದರ ಹಿಂದೆ ಒಂದು ಕ್ಯೂ ನಿಂತಿರ್ತವೆ. ನೋಡಿದವರು ಯಾರಾದ್ರೂ "ಇದೇನು ಕಪ್ಪು ಹಿಂಗೆ ಹಾಳಾಗಿದೆ" ಅಂತಾರೆ. ಆದರೆ ಕಾಸ್ಪರೋವ್ ಅಂದ್ರೆ ದಾಳಿ. ರಾಣಿನೇ ಇಲ್ಲದ ಬೋರ್ಡಲ್ಲಿ ದಾಳಿ ಎಲ್ಲಿಂದ ಬರಬೇಕು? ನಾಲ್ಕು ಸಲ ಬರ್ಲಿನ್ ಆಡಿದ್ರು, ನಾಲ್ಕೂ ಡ್ರಾ.

ಇದನ್ನ ನೆನಪಿಟ್ಕೊಳ್ಳಿ. ಕ್ರಾಮ್ನಿಕ್ ತಮಗೆ ಚೆನ್ನಾಗಿರೋ ಪೊಸಿಷನ್ ಹುಡುಕಲಿಲ್ಲ. ತಾವು ತಾಳಿಕೊಳ್ಳಬಲ್ಲ, ಎದುರಾಳಿಗೆ ಇಷ್ಟವಾಗದ ಪೊಸಿಷನ್ ಹುಡುಕಿದ್ರು.

ಭಾಗ 4/9

ಎಂಟು ವರ್ಷ ಆದ ಮೇಲೆ ಬಾನ್‌ನಲ್ಲಿ ಅದೇ ಪಾಠವನ್ನ ಕ್ರಾಮ್ನಿಕ್‌ಗೇ ಓದಿಸಿದ್ದು ಆನಂದ್.

ಆನಂದ್ ಜೀವಮಾನವೆಲ್ಲ ಹೆಚ್ಚಾಗಿ ಇ4 ಆಡಿದವರು. ಬಾನ್‌ನಲ್ಲಿ ಬಿಳಿ ಕಾಯಿ ಬಂದಾಗ ಡಿ4 ಆಡಿದ್ರು. 38ನೇ ವಯಸ್ಸಲ್ಲಿ, ವಿಶ್ವ ಚಾಂಪಿಯನ್ ಆಗಿದ್ದುಕೊಂಡು, ಮೊದಲ ನಡೆಯನ್ನೇ ಬದಲಾಯಿಸೋದು ಅಂದ್ರೆ ತಮಾಷೆ ಅಲ್ಲ. ಆದರೆ ದೊಡ್ಡ ಏಟು ಬಿದ್ದಿದ್ದು ಕಪ್ಪು ಕಾಯಿಯಲ್ಲಿ.

ಮೂರನೇ ಆಟ, ಅಕ್ಟೋಬರ್ 17. ಕ್ರಾಮ್ನಿಕ್ ಬಿಳಿ. ಡಿ4 ಡಿ5, ಸಿ4 ಸಿ6, ಇಬ್ಬರ ಕುದುರೆಗಳೂ ಹೊರಗೆ, ಕಪ್ಪಿನ ಇ6. ಇದು ಸೆಮಿ-ಸ್ಲಾವ್. ಆರನೇ ನಡೆಗೆ ಆನಂದ್ ಸಿ4 ಪಾನ್ ಹೊಡೆದ್ರು, ಬಿಳಿ ಒಂಟೆ ವಾಪಸ್ ಹೊಡೀತು, ಬಿ5 ಅಂತ ಪಾನ್ ನೂಕಿ ಆ ಒಂಟೆಯನ್ನ ಓಡಿಸಿದ್ರು. ಈ ದಾರಿಗೆ ಮೆರಾನ್ ಅಂತ ಹೆಸರು. 1924ರಲ್ಲಿ ಇಟಲಿಯ ಮೆರಾನೋ ಊರಲ್ಲಿ ನಡೆದ ಟೂರ್ನಮೆಂಟಿಂದ ಬಂದ ಹೆಸರು. ಅಂದ್ರೆ ಆನಂದ್ ಆಕಾಶದಿಂದ ಏನೂ ಇಳಿಸಲಿಲ್ಲ, 80 ವರ್ಷಕ್ಕಿಂತ ಹಳೇ ಓಪನಿಂಗ್ ಅದು.

14ನೇ ನಡೆಗೆ ಬಂದಾಗ ಬೋರ್ಡ್ ಹೇಗಿತ್ತು ನೋಡಿ. ಕಪ್ಪು ರಾಜ ಇನ್ನೂ ಮಧ್ಯದಲ್ಲೇ, ಕ್ಯಾಸಲ್ ಆಗಿಲ್ಲ. ಅವನ ಮುಂದಿನ ಪಾನ್‌ಗಳು ಒಡೆದು ಎಫ್ ಸಾಲಲ್ಲಿ ಎರಡು ಒಂದರ ಮುಂದೊಂದು ನಿಂತಿವೆ. ಬಿ5 ಪಾನ್ ಮೇಲೆ ಬಿಳಿ ಕಣ್ಣು. ಆ ಪಾನ್ ಕಾಪಾಡೋದು ಬಿಟ್ಟು ಆನಂದ್ ಒಂಟೆಯನ್ನ ಬಿ7ಗೆ ಇಟ್ರು. "ಬೇಕಾದ್ರೆ ತಗೋ" ಅನ್ನೋ ಹಾಗೆ. ಕ್ರಾಮ್ನಿಕ್ ತಗೊಂಡ್ರು. ಈಗ ಬಿಳಿಗೆ ಎ, ಬಿ ಸಾಲಲ್ಲಿ ತಡೆಯೋರಿಲ್ಲದ ಎರಡು ಪಾನ್, ರಾಜ ಕ್ಯಾಸಲ್ ಆಗಿ ಬೆಚ್ಚಗೆ ಕೂತಿದಾನೆ. ಕಪ್ಪಿಗೆ ಇರೋದು ಒಂದೇ: ಜಿ ಸಾಲು ತೆರೆದಿದೆ, ಬಿ7 ಒಂಟೆಯ ಕರ್ಣರೇಖೆ ಉದ್ದಕ್ಕೆ ಬಿಳಿ ರಾಜನ ಮನೆ ಬಾಗಿಲವರೆಗೆ ಹೋಗುತ್ತೆ.

ರೀಲ್ ಮಾಡೋರಿಗೆ ಈ ಪೊಸಿಷನ್ ಕೊಟ್ರೆ ಥಂಬ್‌ನೇಲ್ ಏನು ಹಾಕ್ತಾರೆ ಹೇಳಿ? "ಕಪ್ಪಿನ ದೊಡ್ಡ ತಪ್ಪು" ಅಂತ ಹಾಕ್ತಾರೆ.

ಭಾಗ 5/9

ಆಮೇಲೆ ಏನಾಯ್ತು ಅಂದ್ರೆ, ಬೆಚ್ಚಗಿದ್ದ ಬಿಳಿ ರಾಜ ಓಡೋಕೆ ಶುರು ಮಾಡಿದ. ಜಿ1ರಿಂದ ಎಫ್1, ಇ1, ಡಿ2, ಸಿ2, ಬಿ3, ಎ2. ಇಡೀ ಬೋರ್ಡ್ ದಾಟಿ ಇನ್ನೊಂದು ಅಂಚು! ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡಿದ್ದ ಕಪ್ಪು ರಾಜ 25ನೇ ನಡೆಗೆ ಎಚ್6ಗೆ ಹೋಗಿ ಕೂತುಬಿಟ್ಟಿದ್ದ, ಅವನನ್ನ ಕೇಳೋರೇ ಇಲ್ಲ. 41ನೇ ನಡೆಗೆ ಕ್ರಾಮ್ನಿಕ್ ಸೋಲೊಪ್ಪಿದ್ರು.

ಇಷ್ಟೇ ಆಗಿದ್ರೆ "ತಯಾರಿ ಮಾಡ್ಕೊಂಡು ಬಂದಿದ್ರು, ಗೆದ್ರು" ಅಂತ ಬಿಡಬಹುದಿತ್ತು. ನನಗೆ ಕಣ್ಣು ತೆರೆಸಿದ್ದು ಐದನೇ ಆಟ. ಅಕ್ಟೋಬರ್ 20. ಮತ್ತೆ ಕ್ರಾಮ್ನಿಕ್ ಬಿಳಿ. ಮತ್ತೆ ಅದೇ ಮೆರಾನ್. ಮತ್ತೆ 14ನೇ ನಡೆ, ಒಂಟೆ ಬಿ7. ಮಧ್ಯದಲ್ಲಿ ಮೂರೇ ದಿನ. ಕ್ರಾಮ್ನಿಕ್ ಕಡೆಯವರು ಆ ಪೊಸಿಷನ್‌ನ ಕೂತು ನೋಡಿರಲ್ವಾ? ನೋಡಿರ್ತಾರೆ. ಆದರೂ ಅಲ್ಲಿಗೇ ಬಂದ್ರು. 15ನೇ ನಡೆಯಲ್ಲಿ ಆನಂದ್ ಹಿಂದಿನ ಆಟದ ಹಾಗೆ ಒಂಟೆ ಆಡಲಿಲ್ಲ, ಆನೆಯನ್ನ ನೇರ ಜಿ8ಗೆ ತಂದ್ರು.

ಈ ಸಲ ಕ್ರಾಮ್ನಿಕ್ ಚೆನ್ನಾಗೇ ತಡೆದ್ರು. 28ನೇ ನಡೆವರೆಗೂ ಆಟ ತೂಗುಯ್ಯಾಲೆ. 29ನೇ ನಡೆಯಲ್ಲಿ ಕುದುರೆಯಿಂದ ಡಿ4 ಪಾನ್ ಹೊಡೆದ್ರು. ಲೆಕ್ಕ ಸರಿ ಇದ್ದ ಹಾಗೇ ಕಾಣುತ್ತೆ: ಕಪ್ಪು ರಾಣಿ ಕುದುರೆ ತಿಂದ್ರೆ ಬಿಳಿ ಆನೆ ಡಿ1ಗೆ ಬಂದು ರಾಣಿಯನ್ನ ಹಿಡಿಯುತ್ತೆ. ಆಗ ಆನಂದ್ ಡಿ7ರ ಕುದುರೆಯನ್ನ ಎಫ್6ಗೆ ತಂದು ಬಿಳಿ ರಾಣಿ ಮೇಲೆ ಬಿಟ್ರು. ನೀನು ನನ್ನ ರಾಣಿ ತಗೋ, ನಾನು ನಿನ್ನ ರಾಣಿ ತಗೋತೀನಿ. ಬಿಳಿ ಆನೆ ಚೆಕ್ ಕೊಟ್ಟು ಬಿ7ರ ಒಂಟೆಯನ್ನೂ ತಿಂತು. ಎಣಿಸಿ ನೋಡಿ, ಇಲ್ಲಿ ಬಿಳಿಗೇ ಒಂದು ಪಾನ್ ಜಾಸ್ತಿ.

ಆದರೆ ಲೆಕ್ಕ ಇನ್ನೂ ಮುಗಿದಿರಲಿಲ್ಲ. ಕಪ್ಪು ಆನೆ ಸಿ1ರಲ್ಲಿ ಚೆಕ್. ಬಿಳಿ ಒಂಟೆ ಎಫ್1ರಲ್ಲಿ ಅಡ್ಡ. ಆಗ 34ನೇ ನಡೆ: ಕುದುರೆ ಇ3! ಸುಮ್ಮನೆ ಬಿಟ್ರೆ ಮುಂದಿನ ನಡೆಯಲ್ಲೇ ಮೇಟ್. ಪಾನ್‌ನಿಂದ ಕುದುರೆ ಹೊಡೆದ್ರೆ ಕಪ್ಪು ಪಾನ್ ಇ3ಗೆ ಬಂದು ಕೂರುತ್ತೆ, ಆಮೇಲೆ ಇ2. ಅದನ್ನ ತಡೆಯೋ ಕಾಯಿ ಬಿಳಿ ಹತ್ತಿರ ಇಲ್ಲ. 35ನೇ ನಡೆಗೆ ಕೈ ಕೊಟ್ರು.

ಬೋರ್ಡ್ ಇದ್ರೆ ಈ ಪೊಸಿಷನ್ ಜೋಡಿಸಿ ನೋಡಿ. ನಾನು ಮೊದಲ ಸಲ ನೋಡಿದಾಗ ರಾತ್ರಿ ಹನ್ನೊಂದು ಗಂಟೆಗೆ ಒಬ್ಬನೇ "ಅಯ್ಯೋ!" ಅಂದೆ. ಅಮ್ಮ ಒಳಗಿಂದ "ಏನಾಯ್ತೋ?" ಅಂತ ಕೇಳಿದ್ರು.

ಭಾಗ 6/9

ಈಗ ನನ್ನ ಮಾತಿಗೆ ಬರ್ತೀನಿ.

ಐದನೇ ಆಟ ಗೆದ್ದಿದ್ದು 34ನೇ ನಡೆಯಲ್ಲಿ. ಅಷ್ಟು ಹೊತ್ತಿಗೆ ಓಪನಿಂಗ್ ಮುಗಿದು ಎಷ್ಟೋ ಹೊತ್ತಾಗಿತ್ತು. ಅಲ್ಲಿ ಕೂತು ಲೆಕ್ಕ ಹಾಕಿದ್ದು ಆನಂದ್ ತಲೆ. ಹಾಗಾದ್ರೆ ಓಪನಿಂಗ್ ಏನು ಕೆಲಸ ಮಾಡ್ತು?

ಅದು ಕ್ರಾಮ್ನಿಕ್‌ನ ಅವರಿಗೆ ಇಷ್ಟವಿಲ್ಲದ ಜಾಗಕ್ಕೆ ಕರ್ಕೊಂಡು ಬಂತು. ಶಾಂತವಾಗಿ, ಹಿಡಿತದಲ್ಲಿ, ಒಂದೊಂದೇ ನಡೆ ಕಟ್ಟಿ ಆಡೋರು ಅವರು. ಮೆರಾನ್‌ನಲ್ಲಿ ಎಲ್ಲ ಕಡೆ ಬೆಂಕಿ. ಎರಡೂ ರಾಜರಿಗೆ ಅಪಾಯ, ಪ್ರತಿ ನಡೆಗೂ ಲೆಕ್ಕ. ಅಂಥ ಜಾಗದಲ್ಲಿ ಆನಂದ್‌ಗೆ ಉಸಿರಾಡೋಕೆ ಸಲೀಸು. ಅವರ ರಾಜನೂ ಅಲ್ಲಿ ಬೀದಿಯಲ್ಲೇ ಇದ್ದ, ಅವರ ಪಾನ್‌ಗಳೂ ಒಡೆದಿದ್ವು. ಆದರೆ ಆ ಕಷ್ಟ ಅವರು ಗೊತ್ತಿದ್ದೇ ಆರಿಸಿಕೊಂಡಿದ್ದು.

ನನ್ನ ಪ್ರಕಾರ ಓಪನಿಂಗ್ ಅಂದ್ರೆ ಇಷ್ಟೇ: ಯಾವ ಕಷ್ಟದಲ್ಲಿ ಕೂತು ಆಡ್ತೀನಿ ಅಂತ ನಾವೇ ಆರಿಸಿಕೊಳ್ಳೋದು.

ಬರ್ಲಿನ್‌ನಲ್ಲಿ ಕ್ರಾಮ್ನಿಕ್ ಆರಿಸಿಕೊಂಡಿದ್ದು ರಾಣಿ ಇಲ್ಲದ, ಉದ್ದದ, ಬೋರು ಹೊಡೆಸೋ ಕಷ್ಟ. ಮೆರಾನ್‌ನಲ್ಲಿ ಆನಂದ್ ಆರಿಸಿಕೊಂಡಿದ್ದು ಬೆಂಕಿಯ ಕಷ್ಟ. ಕಷ್ಟ ಇಲ್ಲದ ಓಪನಿಂಗ್ ಇಬ್ಬರ ಹತ್ತಿರಾನೂ ಇರಲಿಲ್ಲ. ವಿಶ್ವ ಚಾಂಪಿಯನ್‌ಗಳಿಗೇ ಸಿಗದ ಅಂಥ ಓಪನಿಂಗ್, 30 ಸೆಕೆಂಡಿನ ರೀಲಲ್ಲಿ ನಮಗೆ ಸಿಗುತ್ತಾ?

ನಾನು ಆ ಕಲ್ಯಾಣ ಮಂಟಪದಲ್ಲಿ ಏನು ಆರಿಸಿದ್ದೆ? ಏನೂ ಇಲ್ಲ. ಎದುರಾಳಿ ತಪ್ಪು ಮಾಡ್ತಾನೆ ಅಂತ ನಂಬಿಕೊಂಡು ಹೋಗಿದ್ದೆ ಅಷ್ಟೇ. ಅವನು ತಪ್ಪು ಮಾಡಲಿಲ್ಲ. ಟ್ರ್ಯಾಪ್‌ನ ಸಮಸ್ಯೆನೇ ಅದು. ಅದು ಕೆಲಸ ಮಾಡಿದ್ರೆ ನೀವೇನೂ ಕಲಿಯಲ್ಲ, ಮಾಡದಿದ್ರೆ ನಿಮಗೇನೂ ಗೊತ್ತಿರಲ್ಲ.

ಭಾಗ 7/9

ನೀವು ಏನು ಕೇಳ್ತೀರಾ ಅಂತ ಗೊತ್ತು.

"ಆನಂದ್ ಹಿಂದೆ ದೊಡ್ಡ ತಂಡನೇ ಇತ್ತು, ನಮ್ಮ ಹಿಂದೆ ಯಾರಿದಾರೆ?" ನಿಜ. ನೀಲ್ಸನ್, ಕಾಸಿಮ್‌ಜಾನೋವ್, ನಮ್ಮ ಸೂರ್ಯಶೇಖರ ಗಂಗೂಲಿ, ವೊಯ್ತಾಶೆಕ್ ಇದ್ರು, ಕಂಪ್ಯೂಟರ್ ಇತ್ತು. ಆದರೆ ನಮ್ಮ ಎದುರಾಳಿ ಕ್ರಾಮ್ನಿಕ್ ಅಲ್ವಲ್ಲ! ನಮ್ಮ ಲೆವೆಲ್‌ಗೆ ಹತ್ತು ನಡೆಯ ಹಿಂದಿರೋ ಕಾರಣ ಗೊತ್ತಿದ್ರೆ ಸಾಕು. ಯಾವ ಪಾನ್ ಯಾಕೆ ನೂಕಿದೆ, ಯಾವ ಒಂಟೆ ಎಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ, ಎದುರಿನವರು ಎಲ್ಲಿ ಹೊಡೀತಾರೆ. ಆ ಐದನೇ ಕ್ಲಾಸ್ ಹುಡುಗನಿಗೂ ತಂಡ ಇರಲಿಲ್ಲ. ಅವನಿಗೆ ಒಂದು ಪಾನ್ ಕೊಟ್ಟು ನನ್ನ ಕಾಯಿಗಳನ್ನ ಯಾಕೆ ಓಡಿಸ್ತಿದೀನಿ ಅನ್ನೋದು ಗೊತ್ತಿತ್ತು.

"ಟ್ರ್ಯಾಪ್ ಹಾಕಿ ನಾನು ಆನ್‌ಲೈನಲ್ಲಿ ಎಷ್ಟೋ ಸಲ ಗೆದ್ದಿದೀನಿ." ಗೆದ್ದಿರ್ತೀರಾ. ನಾನೂ ಗೆದ್ದಿದ್ದೆ. ಮೂರು ನಿಮಿಷದ ಬ್ಲಿಟ್ಜ್‌ನಲ್ಲಿ ಎದುರಿನವರಿಗೆ ಯೋಚಿಸೋಕೆ ಟೈಮೇ ಇರಲ್ಲ. ಆದರೆ ಎದುರು ಕೂತು, ಗಡಿಯಾರದಲ್ಲಿ ಸಮಯ ಇಟ್ಕೊಂಡು, ಕೈ ಕಟ್ಟಿ ನಿಮ್ಮ ನಡೆ ನೋಡ್ತಾ ಇರೋನು ಬೇರೆ ಪ್ರಾಣಿ.

"ಹಾಗಾದ್ರೆ ಬಾಯಿಪಾಠ ಬೇಡ್ವಾ?" ಬೇಕು. ಆನಂದ್ ಕೂಡ 14 ನಡೆ ಚಕಚಕ ಆಡಿದ್ದು ನೆನಪಿಂದಲೇ ಇರಬೇಕು. ಆದರೆ ಮಗ್ಗಿ ಗೊತ್ತಿರೋದಕ್ಕೂ ಲೆಕ್ಕ ಗೊತ್ತಿರೋದಕ್ಕೂ ವ್ಯತ್ಯಾಸ ಇದೆ ಕಣ್ರೀ. ಮಗ್ಗಿ ಮುಗಿದ ಜಾಗದಿಂದಲೇ ಲೆಕ್ಕ ಶುರು ಆಗೋದು.

ಭಾಗ 8/9

ಸರಿ, ಬರೀ ಬೈದು ಹೋಗಲ್ಲ. ನಾನು ಮಾಡ್ತಿರೋದು ಹೇಳ್ತೀನಿ, ಬೇಕಾದ್ರೆ ತಗೊಳ್ಳಿ.

ಬಿಳಿಗೆ ಒಂದು ಓಪನಿಂಗ್, ಇ4ಗೆ ಎದುರಾಗಿ ಒಂದು, ಡಿ4ಗೆ ಎದುರಾಗಿ ಒಂದು. ಮೂರೇ. ಆರು ತಿಂಗಳು ಬದಲಾಯಿಸೋ ಹಾಗಿಲ್ಲ. ನಾನು ಬಿಳಿಯಲ್ಲಿ ಇಟಾಲಿಯನ್ ಆಡ್ತೀನಿ, ಡಿ3 ಹಾಕಿ ನಿಧಾನಕ್ಕೆ. ಕಪ್ಪಲ್ಲಿ ಇ4ಗೆ ಕಾರೋ-ಕಾನ್. ಯಾಕಂದ್ರೆ ನಾನು ನಿಧಾನ, ಬೆಂಕಿ ಬಿದ್ರೆ ಗಾಬರಿ ಆಗ್ತೀನಿ. ಇದು ನಾಚಿಕೆ ಪಡೋ ವಿಷಯ ಅಲ್ಲ. ನಿಮಗೆ ಬೆಂಕಿನೇ ಇಷ್ಟ ಅಂದ್ರೆ ಬೆಂಕಿಯ ಓಪನಿಂಗ್ ತಗೊಳ್ಳಿ. ಸುಟ್ಕೊಳ್ಳೋಕೆ ಮಾತ್ರ ರೆಡಿ ಇರಿ.

ಸೋತ ಆಟನ ಅಂದೇ ಬರೆದಿಡಿ. ಎಂಜಿನ್ ಆಮೇಲೆ. ಮೊದಲು ನೀವೇ ಒಂದು ಗೆರೆ ಎಳೀರಿ: "ಇಲ್ಲಿಂದ ಮುಂದೆ ನನಗೆ ಏನು ಮಾಡ್ಬೇಕು ಅಂತ ಗೊತ್ತಾಗಲಿಲ್ಲ." ಆ ಗೆರೆ ನನ್ನ ನೋಟ್‌ಬುಕ್‌ನಲ್ಲಿ ಮೊದಲು ಐದನೇ ನಡೆಯಲ್ಲಿತ್ತು. ಈಗ ಹನ್ನೆರಡು, ಹದಿಮೂರಲ್ಲಿದೆ. ರೇಟಿಂಗ್‌ಗಿಂತ ನನಗೆ ಆ ಗೆರೆ ಮುಖ್ಯ.

ಇನ್ನೊಂದು. ನಿಮ್ಮ ಓಪನಿಂಗ್‌ನ ಎದುರಿನ ಕಡೆಯಿಂದಲೂ ಆಡಿ. ನಾನು ಫ್ರೈಡ್ ಲಿವರ್‌ನ ಕಪ್ಪು ಕಡೆಯಿಂದ ಒಂದೇ ಒಂದು ಸಲ ಆಡಿದ್ರೂ ಕುದುರೆ ಎ5 ನನಗೆ ಗೊತ್ತಾಗ್ತಿತ್ತು.

ಭಾಗ 9/9

ಹೋದ ತಿಂಗಳ ಟೂರ್ನಮೆಂಟಲ್ಲಿ ನನಗೆ 7ಕ್ಕೆ 3.5 ಬಂತು. ಸ್ಟೋರಿ ಹಾಕ್ಕೊಳ್ಳೋ ಸ್ಕೋರ್ ಅಲ್ಲ. ಮೂರು ಆಟ ಸೋತೆ. ಆದರೆ ಮೂರರಲ್ಲೂ ಎಲ್ಲಿ ಸೋತೆ ಅಂತ ಎದ್ದು ಬರೋವಾಗಲೇ ಗೊತ್ತಿತ್ತು. ಬಸ್ಸಲ್ಲಿ ಅಪ್ಪನಿಗೆ ಫೋನ್ ಮಾಡಿ ಅಷ್ಟನ್ನೂ ಹೇಳಿದೆ. ಅವತ್ತಿನ ರೇಟೆಡ್ ಪ್ಲೇಯರ್ ಐದನೇ ಕ್ಲಾಸಲ್ಲಿದ್ದ ಅನ್ನೋದನ್ನೂ ಹೇಳಿಬಿಟ್ಟೆ. ಅಪ್ಪ ಒಂದು ನಿಮಿಷ ನಕ್ಕು, "ಮುಂದಿನ ಟೂರ್ನಮೆಂಟ್ ಯಾವಾಗ?" ಅಂದ್ರು.

ಬಾನ್ ಪಂದ್ಯ ಏನಾಯ್ತು ಅಂತ ಹೇಳಲೇ ಇಲ್ಲ ಅಲ್ವಾ? ಆನಂದ್ ಆರನೇ ಆಟವನ್ನೂ ಗೆದ್ರು, ಡಿ4 ಆಡಿ. ಹತ್ತನೇದು ಕ್ರಾಮ್ನಿಕ್ ಗೆದ್ರು. ಅಕ್ಟೋಬರ್ 29ಕ್ಕೆ ಹನ್ನೊಂದನೇ ಆಟ, ಆನಂದ್‌ಗೆ ಡ್ರಾ ಸಾಕಿತ್ತು. ಆ ದಿನ ಮೊದಲ ನಡೆ ಏನು ಗೊತ್ತಾ? ಇ4. ತಮ್ಮ ಹಳೇ ಮನೆಗೇ ವಾಪಸ್ ಬಂದ್ರು. ಡ್ರಾ ಆಯ್ತು, 6.5–4.5, ಚಾಂಪಿಯನ್ ಪಟ್ಟ ಉಳೀತು.

ಆಟ ಬಿಟ್ಟ ಆ ಇಬ್ಬರು ಕ್ಲಾಸ್‌ಮೇಟ್‌ಗಳಿಗೆ: ಇದನ್ನ ಓದ್ತಿದೀರಾ ಅಂತ ಗೊತ್ತು. ಶನಿವಾರ ಲಂಚ್ ಬ್ರೇಕಲ್ಲಿ ಬೋರ್ಡ್ ತರ್ತೀನಿ. ಟ್ರ್ಯಾಪ್ ಹೇಳಿಕೊಡಲ್ಲ. ಸೋತಾಗ ಎಲ್ಲಿ ಗೆರೆ ಎಳೀಬೇಕು ಅಂತ ಒಟ್ಟಿಗೆ ಕೂತು ನೋಡೋಣ.

ಉಳಿದವರು ಕಮೆಂಟಲ್ಲಿ ಬರೀರಿ: ನಿಮ್ಮ ಗೆರೆ ಎಷ್ಟನೇ ನಡೆಯಲ್ಲಿದೆ? ಸುಳ್ಳು ಹೇಳಬೇಡಿ, ನಾನು ಐದು ಅಂತ ಒಪ್ಕೊಂಡಿದೀನಿ.

#ಚೆಸ್ #ಚದುರಂಗ #ಕನ್ನಡದಲ್ಲಿಚೆಸ್ #ಓಪನಿಂಗ್ #ಆನಂದ್